ಸದ್ದು ಬರುತ್ತಿದೆಯೇ?

ಯಶವಂತನಗರ
9 ಜೂನ್ 2024

ಅಪ್ಪನಿಗೆ ಶ್ರೀವಾಣಿಯ ನಮಸ್ಕಾರ.

ಫೋನಿನಲ್ಲಿ ಆಗದ ಮಾತನ್ನು ಕಾಗದದಲ್ಲಿ ಬರೆಯುತ್ತಿದ್ದೇನೆ. ಯುಗಾದಿಗೆ ಫೋನ್ ಮಾಡಿದೆ. "ಹಲೋ" ಅಂದಿರಿ, ನಾನು ಮಾತು ಶುರು ಮಾಡುವಷ್ಟರಲ್ಲಿ ಇಟ್ಟುಬಿಟ್ಟಿರಿ. ನಿಮ್ಮ ಹುಟ್ಟುಹಬ್ಬಕ್ಕೂ ಅದೇ ಆಯಿತು. ನನ್ನ ಮದುವೆಯಾದಾಗಿನಿಂದ ಹೀಗೇ ನಡೆದಿದೆ. ಸಿಟ್ಟು ಎಲ್ಲಿಯವರೆಗೆ ಅಂತ ಕೇಳೋಣವೆಂದರೆ ಕೇಳಲಾದರೂ ಬಿಡಬೇಕಲ್ಲ. ಕಾಗದವನ್ನು ಮಾತ್ರ ಅರ್ಧಕ್ಕೆ ಬಿಡಲು ನಿಮಗೆ ಬರುವುದಿಲ್ಲ. ಮಿರ್ಚಿ ಕಟ್ಟಿಕೊಟ್ಟ ಪೇಪರಿನ ತುಣುಕನ್ನೂ ಪೂರ್ತಿ ಓದಿದ ಮೇಲೇ ಎಸೆಯುವವರು ನೀವು.

ಇದನ್ನು ಹನುಮಣ್ಣನ ಕೈಯಲ್ಲಿ ಕಳಿಸುತ್ತಿದ್ದೇನೆ. ಪ್ರವೀಣ ಕೆಲಸ ಮಾಡುವ ಗಣಿ ಕಂಪನಿಯ ಬಸ್ಸಿನ ಡ್ರೈವರ್ ಆತ, ದಿನವೂ ಹೊಸಪೇಟೆಗೆ ಬರುತ್ತಾನೆ. ನಿಮ್ಮ ಉತ್ತರವನ್ನೂ ಅವನ ಕೈಗೇ ಕೊಡಬಹುದು.

ವಿಷಯ ಇಷ್ಟು. ಮನೆಯಲ್ಲೇ ಕುಳಿತು ಮಾಡುವ ಒಂದು ಕೆಲಸ ನನಗೆ ಸಿಕ್ಕಿದೆ. ಇಂಟರ್ನೆಟ್ಟಿನಲ್ಲಿ ಸಿನಿಮಾ, ಸರಣಿ ತೋರಿಸುವ ಕಂಪನಿಯೊಂದಕ್ಕೆ ಅಡಿಬರಹ, ಅಂದರೆ ಸಬ್‌ಟೈಟಲ್, ಬರೆಯುತ್ತೇನೆ. ಮೊದಲ ಸರಣಿ ಬಂದಿದೆ. ಕರಾವಳಿಯ ಊರಿನಲ್ಲಿ ಖಾನಾವಳಿ ನಡೆಸುವ ಅಕ್ಕತಂಗಿಯರ ಕಥೆ. ಕನ್ನಡದ್ದೇ. ಕೊನೆಯಲ್ಲಿ ನನ್ನ ಹೆಸರು ಬರುತ್ತದೆ. ಅದನ್ನು ನೀವು ನೋಡಬೇಕೆಂದು ನನಗೆ ಆಸೆ. ಬೇರೆಯವರು ನೋಡಿದರೂ ಬಿಟ್ಟರೂ ನನಗೆ ಒಂದೇ. ನನ್ನ ಖಾತೆಯ ಹೆಸರು, ಪಾಸ್‌ವರ್ಡ್ ಕೆಳಗೆ ಬರೆದಿದ್ದೇನೆ. ನಿಮ್ಮ ಕಂಪ್ಯೂಟರಿನಲ್ಲೇ ನೋಡಿ.

ಮೆಟ್ರಿಯಲ್ಲಿ ಮದುವೆಯ ದಿನ ಆದದ್ದನ್ನು ನಾನು ಮರೆತಿಲ್ಲ. ಅದನ್ನು ಬದಿಗಿಟ್ಟು ಬರೆದಿದ್ದೇನೆ ಅಂತ ಮಾತ್ರ ತಿಳಿಯಿರಿ.

ನಿಮ್ಮ ಮಗಳು,
ಶ್ರೀವಾಣಿ

---

ಚಿತ್ತವಾಡಗಿ, ಹೊಸಪೇಟೆ
17 ಜೂನ್ 2024

ಶ್ರೀವಾಣಿಗೆ ಆಶೀರ್ವಾದ.

ಪತ್ರ ಗೇಟಿಗೆ ಸಿಕ್ಕಿಸಿದ್ದು ಸಿಕ್ಕಿತು. ಪೂರ್ತಿ ಓದಿದೆ.

ನೀನು ಹೇಳಿದಂತೆ ಕಂಪ್ಯೂಟರಿನಲ್ಲಿ ಆ ಕಂಪನಿಯ ಪುಟ ತೆರೆದೆ. ಹೆಸರು, ಪಾಸ್‌ವರ್ಡ್ ಒಪ್ಪಿಕೊಂಡಿತು. ಖಾನಾವಳಿಯ ಚಿತ್ರದ ಮೇಲೆ ಒತ್ತಿದರೆ "ನಿಮ್ಮ ಸಾಧನಕ್ಕೆ ಬೆಂಬಲವಿಲ್ಲ" ಎಂದು ಬಂತು. ಸಹಾಯ ಕೇಂದ್ರಕ್ಕೆ ಬರೆದು ಕೇಳಿದೆ. ನಮ್ಮ ಕಡೆಯಿಂದ ಲಿನಕ್ಸ್‌ಗೆ ಅಧಿಕೃತ ಬೆಂಬಲವಿಲ್ಲ, ಮೊಬೈಲಿನಲ್ಲಿ ನೋಡಿರಿ, ಹೆಚ್ಚಿನ ಮಾಹಿತಿಗೆ ಫೋನ್ ಮಾಡಿರಿ ಎಂದು ಉತ್ತರ ಬಂತು. ನಾನು ಫೋನ್ ಮಾಡಲಿಲ್ಲ.

ಈ ಯಂತ್ರಕ್ಕೆ ಎಲ್ಲರಿಗೂ ಉಚಿತವಾಗಿ ಸಿಗುವ ಲಿನಕ್ಸ್ ವ್ಯವಸ್ಥೆ ಹಾಕಿಸಿಕೊಂಡು ಹಲವು ವರ್ಷವಾಯಿತು. ಒಂದು ದಿನವೂ ಕೈಕೊಟ್ಟಿಲ್ಲ. ದುಡ್ಡು ಕೊಡದೆ ನಕಲು ಸಾಫ್ಟ್‌ವೇರ್ ಹಾಕಿಕೊಳ್ಳುವವರಿಗೆ ತರಗತಿಯಲ್ಲಿ ಬೈದವನು ನಾನು. ಸರಣಿಯೊಂದರ ಸಲುವಾಗಿ ಈ ವಯಸ್ಸಿನಲ್ಲಿ ಪಕ್ಷ ಬದಲಿಸುವುದಿಲ್ಲ. ಮೊಬೈಲು ನನ್ನದು ಗುಂಡಿ ಒತ್ತುವುದು, ಅದರಲ್ಲಿ ಹಾವಿನ ಆಟ ಬಿಟ್ಟರೆ ಬೇರೆ ಏನೂ ಓಡುವುದಿಲ್ಲ.

ಒಂದು ಪ್ರಶ್ನೆ. ಸರಣಿ ಕನ್ನಡದ್ದು, ಅಡಿಬರಹವೂ ಕನ್ನಡದ್ದು. ಇದು ಯಾರಿಗೆ?

ಮೆಟ್ರಿಯ ಮಾತು ನೀನಾಗಿ ತೆಗೆದೆ. ಹೆಣ್ಣಿನ ತಂದೆಗೆ ಆ ದಿನ ಸಲ್ಲಬೇಕಾದದ್ದು ಸಲ್ಲಲಿಲ್ಲ ಎಂದಷ್ಟೇ ಹೇಳುತ್ತೇನೆ. ಮುಂದೆ ಬರೆಯುವುದಿಲ್ಲ.

ಇತಿ,
ವಾದಿರಾಜ

---

ಯಶವಂತನಗರ
30 ಜೂನ್ 2024

ಅಪ್ಪನಿಗೆ,

ನಿಮಗೆ ಏನು ಸಲ್ಲಲಿಲ್ಲವೋ ನನಗೆ ಅರ್ಥವಾಗಲಿಲ್ಲ. ಓದಿ ಮೈ ಉರಿಯಿತು. ಅದಕ್ಕೇ ತಡಮಾಡಿ ಬರೆಯುತ್ತಿದ್ದೇನೆ, ಈಗ ತಣ್ಣಗಾಗಿದ್ದೇನೆ.

ಹನುಮಣ್ಣನೂ ದೂರಿದ. "ಎಷ್ಟು ಹಾರ್ನ್ ಹೊಡದ್ರೂ ಮೇಷ್ಟ್ರು ಹೊರಗ ಬರ್ಲಿಲ್ರಿ ಅಕ್ಕಾ, ಕಿಟಕ್ಯಾಗ ಕುಂತಿದ್ದು ಕಾಣಸ್ತಿತ್ತು. ಭಾಳ ಸಿಟ್ಟಿನ ಮಂದಿ ಬಿಡ್ರಿ" ಅಂದ. ಪಾಪ, ಅವನ ಮೇಲೆ ಯಾಕೆ ನಿಮ್ಮ ಸಿಟ್ಟು?

ಕಂಪ್ಯೂಟರಿನ ವಿಷಯ. ಆ ಕಂಪನಿ ತನ್ನ ವಿಡಿಯೊಗಳಿಗೆ ಬೀಗ ಹಾಕಿ ಕಳಿಸುತ್ತದೆ. ಯಾರೂ ನಕಲು ಮಾಡಬಾರದು ಅಂತ. ನೋಡುವವರ ಬ್ರೌಸರಿನಲ್ಲಿ ಆ ಬೀಗ ತೆಗೆಯುವ ಒಂದು ಸಣ್ಣ ಭಾಗ ಇರಬೇಕು. ಲಿನಕ್ಸ್‌ನಲ್ಲಿ ಅದನ್ನು ತಾನಾಗಿ ಹಾಕಿರುವುದಿಲ್ಲ, ನೀವೇ ಅನುಮತಿ ಕೊಡಬೇಕು. ಬ್ರೌಸರಿನ ಸೆಟ್ಟಿಂಗ್ಸ್‌ಗೆ ಹೋಗಿ. 'ಬೀಗ ಹಾಕಿದ ವಿಡಿಯೊ ನಡೆಸು' ಎಂಬ ಅರ್ಥದ ಸಾಲು ಇಂಗ್ಲಿಷಿನಲ್ಲಿ ಇರುತ್ತದೆ. ಅದರ ಎದುರಿನ ಚೌಕದಲ್ಲಿ ಗುರುತು ಹಾಕಿ. ಬ್ರೌಸರ್ ಮುಚ್ಚಿ ಮತ್ತೆ ತೆರೆಯಿರಿ. ಅವಸರ ಮಾಡಬೇಡಿ. ಒಂದು ಬದಲಾವಣೆ, ಒಂದು ಪರೀಕ್ಷೆ. ಎರಡನ್ನೂ ಕೂಡಿಸಬೇಡಿ.

ಇನ್ನು ನಿಮ್ಮ ಪ್ರಶ್ನೆ. ಕನ್ನಡಕ್ಕೆ ಕನ್ನಡದ ಅಡಿಬರಹ ಕಿವಿ ಕೇಳದವರಿಗೆ. ಮಾತನ್ನಷ್ಟೇ ಬರೆದರೆ ಸಾಲದು, ಸದ್ದುಗಳನ್ನೂ ಬರೆಯಬೇಕು. ಬಾಗಿಲು ಬಡಿದದ್ದು, ಕುಕ್ಕರ್ ಕೂಗಿದ್ದು, ಆಚೆ ಯಾರೋ ಕೆಮ್ಮಿದ್ದು. ಯಾವ ಸದ್ದು ಬೇಕು, ಯಾವುದು ಬೇಡ ಅಂತ ಆರಿಸುವುದೇ ಕಷ್ಟ. ನನಗೆ ಈ ಕೆಲಸ ಇಷ್ಟವಾಗಿದೆ.

ನಿಮ್ಮ,
ಶ್ರೀವಾಣಿ

---

ಚಿತ್ತವಾಡಗಿ, ಹೊಸಪೇಟೆ
14 ಜುಲೈ 2024

ಶ್ರೀವಾಣಿಗೆ ಆಶೀರ್ವಾದ.

ಗುರುತು ಹಾಕಿದೆ. ಮುಚ್ಚಿ ತೆರೆದೆ. ಈಗ ಬೆಂಬಲವಿಲ್ಲ ಎನ್ನುವ ಮಾತು ಇಲ್ಲ. ಸರಣಿ ಓಡುತ್ತದೆ. ಆದರೆ ಚಿತ್ರವಿಲ್ಲ. ಪರದೆಯೆಲ್ಲ ಕಪ್ಪು, ಕೆಳಗೆ ನಿನ್ನ ಅಡಿಬರಹ ಬೆಳ್ಳಗೆ ಬಂದು ಹೋಗುತ್ತದೆ.

ಹಾಗೆಯೇ ಮೊದಲ ಕಂತು ಪೂರ್ತಿ ಓದಿದೆ. ಓದಿದೆ ಎಂದೇ ಹೇಳಬೇಕು. ಅಕ್ಕ ಯಾರು, ತಂಗಿ ಯಾರು ಎಂದು ತಿಳಿಯಲು ಸ್ವಲ್ಪ ಹೊತ್ತಾಯಿತು. ಅಕ್ಕ ಜೋರಿನವಳು. ತಂಗಿ ಉತ್ತರ ಕೊಡುವ ಮೊದಲು ಪಾತ್ರೆ ಎತ್ತಿಡುತ್ತಾಳೆ. ಅದನ್ನು ನೀನು (ಪಾತ್ರೆ ಕುಕ್ಕಿದ ಸದ್ದು) ಎಂದು ಬರೆದಿದ್ದೀಯ. 'ಇಟ್ಟ' ಎನ್ನದೆ 'ಕುಕ್ಕಿದ' ಎಂದದ್ದು ಸರಿಯಾಗಿದೆ. ಸಿಟ್ಟು ಗೊತ್ತಾಯಿತು.

(ಮಳೆ ಬಿರುಸಾಯಿತು) ಎನ್ನುವಲ್ಲಿ ನಾನು ಎದ್ದು ಕಿಟಕಿಯ ಹೊರಗೆ ನೋಡಿದೆ. ಹೊಸಪೇಟೆಯಲ್ಲಿ ಮಳೆ ಇರಲಿಲ್ಲ.

ತಕರಾರು ಒಂದೇ. ನಡುವೆ ಒಂದು ಕಡೆ (ಮೌನ) ಎಂದು ಹಾಕಿದ್ದೀಯ. ಸದ್ದಿಲ್ಲದಿರುವುದನ್ನು ಬರೆಯುವ ಅಗತ್ಯವೇನು? ಕೇಳದವನಿಗೆ ಅದು ಹೇಗೂ ಮೌನವೇ.

ಕೊನೆಯಲ್ಲಿ ಹೆಸರು ಬಂತು. ಶ್ರೀವಾಣಿ ವಾದಿರಾಜ ಎಂದಿತ್ತು. ನನ್ನ ಹೆಸರನ್ನು ಇಟ್ಟುಕೊಂಡಿದ್ದೀಯ ಎಂದು ನನಗೆ ಗೊತ್ತಿರಲಿಲ್ಲ. ಹಿಂದಕ್ಕೆ ಸರಿಸಿ ಇನ್ನೊಮ್ಮೆ ನೋಡಿದೆ.

"ಒಂದು ಬದಲಾವಣೆ, ಒಂದು ಪರೀಕ್ಷೆ" ಎನ್ನುವುದು ಪ್ರಯೋಗಾಲಯದಲ್ಲಿ ನಾನು ಹೇಳುತ್ತಿದ್ದ ಮಾತು. ನೀನು ಭೌತಶಾಸ್ತ್ರ ಓದಿದವಳಲ್ಲ. ಹೇಳಿ ಬರೆಸಿದವನು ಯಾರೆಂದು ತಿಳಿಯಿತು. ಈ ಯಂತ್ರಕ್ಕೆ ಲಿನಕ್ಸ್ ಹಾಕಿದವನೂ ಅವನೇ. ನೇರವಾಗಿ ಬರೆಯಲು ಹೇಳು. ನಡುವೆ ನಿನ್ನ ಕೈ ನೋಯುವುದು ಬೇಡ.

ಇತಿ,
ವಾದಿರಾಜ

---

ಯಶವಂತನಗರ
21 ಜುಲೈ 2024

ಸರ್,

ಪ್ರವೀಣನ ನಮಸ್ಕಾರಗಳು. ನೀವು ಬರೆಯಲು ಹೇಳಿದಿರಿ ಎಂದು ಶ್ರೀವಾಣಿ ಹೇಳಿದಳು. ಬಹಳ ಸಂತೋಷವಾಯಿತು. ಮದುವೆಯ ವಿಷಯಕ್ಕೆ ನಾನು ಬರುವುದಿಲ್ಲ. ಯಂತ್ರದ ವಿಷಯ ಮಾತ್ರ ಬರೆಯುತ್ತೇನೆ.

ಚಿತ್ರ ಕಪ್ಪಾಗಿ ಅಡಿಬರಹ ಬರುವುದಕ್ಕೆ ಕಾರಣ ಗ್ರಾಫಿಕ್ಸ್ ಕಾರ್ಡ್ ಇರಬಹುದು. ನಾವು ಅಂದು ಹಾಕಿದ್ದು ಹಳೆಯ ಕಾರ್ಡು. ಬೀಗ ತೆಗೆದ ಮೇಲೆ ಬ್ರೌಸರ್ ಚಿತ್ರ ಬಿಡಿಸುವ ಕೆಲಸವನ್ನು ಅದಕ್ಕೆ ಒಪ್ಪಿಸುತ್ತದೆ, ಅದಕ್ಕೆ ಆಗುವುದಿಲ್ಲ. ಹೀಗಿದ್ದರೆ ದಾರಿ ಇದೆ. ಆದರೆ ಅದಕ್ಕೂ ಮೊದಲು ಒಂದು ಮಾಹಿತಿ ಬೇಕು. ನಿಮ್ಮ ಪತ್ರದಲ್ಲಿ ಅದು ಇರಲಿಲ್ಲ.

ಸದ್ದು ಬರುತ್ತಿದೆಯೇ?

ಸದ್ದು ಬಂದು ಚಿತ್ರ ಬಾರದಿದ್ದರೆ ಒಂದು ರೋಗ. ಎರಡೂ ಬಾರದಿದ್ದರೆ ಬೇರೆ ರೋಗ. ಕಾಲೇಜಿನ ಮೊದಲ ವರ್ಷದಲ್ಲಿ ನೀವು ಗಾಜಿನ ಜಾಡಿಯೊಳಗೆ ವಿದ್ಯುತ್ ಗಂಟೆ ತೂಗುಬಿಟ್ಟು ಒಳಗಿನ ಗಾಳಿ ತೆಗೆದು ತೋರಿಸಿದ್ದಿರಿ. ಗಂಟೆ ಬಡಿದುಕೊಳ್ಳುವುದು ಕಾಣುತ್ತಿತ್ತು, ಸದ್ದು ಮಾತ್ರ ನಿಂತುಹೋಯಿತು. "ದೋಷ ಗಂಟೆಯಲ್ಲಿದೆಯೋ, ನಡುವೆ ಇದೆಯೋ, ಕಿವಿಯಲ್ಲಿದೆಯೋ, ಒಂದೊಂದಾಗಿ ನೋಡ್ರಿ" ಅಂದಿರಿ. ಇಲ್ಲಿ ಗಣಿಯ ಲಾರಿಗಳ ತೂಕ ನೋಡುವ ವೇಬ್ರಿಜ್‌ನ ಕಂಪ್ಯೂಟರ್ ನಿಂತಾಗಲೆಲ್ಲ ನಾನು ಅದನ್ನೇ ಮಾಡುತ್ತೇನೆ.

ನಿಮ್ಮ ವಿದ್ಯಾರ್ಥಿ,
ಪ್ರವೀಣ

(ಮೌನ) ಯಾಕೆಂದು ಶ್ರೀವಾಣಿ ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ: "ಏನೂ ಬರೆಯದೆ ಬಿಟ್ಟರೆ ಅಲ್ಲಿ ಮಾತು ಇತ್ತು, ತಮಗೆ ತಪ್ಪಿಹೋಯಿತು ಅಂತ ಕೇಳದವರು ಕಂಗಾಲಾಗುತ್ತಾರೆ. ಇದು ನಿಜವಾಗಿಯೂ ಮೌನ, ಏನೂ ತಪ್ಪಿಲ್ಲ, ಸುಮ್ಮನೆ ಕೂತಿರಿ ಅಂತ ಹೇಳಬೇಕಾಗುತ್ತದೆ."

---

ಚಿತ್ತವಾಡಗಿ, ಹೊಸಪೇಟೆ
4 ಆಗಸ್ಟ್ 2024

ಪ್ರವೀಣನಿಗೆ,

ಪತ್ರ ಸ್ಪಷ್ಟವಾಗಿದೆ. ಸದ್ದು ಇಲ್ಲ.

(ಮೌನ) ಕುರಿತ ವಿವರಣೆ ಒಪ್ಪಿದೆ. ತಕರಾರು ವಾಪಸ್ಸು ತೆಗೆದುಕೊಂಡಿದ್ದೇನೆ ಎಂದು ಅವಳಿಗೆ ತಿಳಿಸುವುದು.

ಇತಿ,
ವಾದಿರಾಜ

---

ಯಶವಂತನಗರ
6 ಅಕ್ಟೋಬರ್ 2024

ಅಪ್ಪನಿಗೆ,

ಇವತ್ತು ನಾನೇ ಬರೆಯುತ್ತಿದ್ದೇನೆ, ಪ್ರವೀಣನಿಗೆ ಗೊತ್ತಿಲ್ಲದೆ.

ನಿಮ್ಮ "ಸದ್ದು ಇಲ್ಲ" ಬಂದ ಮೇಲೆ ಆತ ಏನೇನು ಮಾಡಿದ ಅಂತ ನಿಮಗೆ ಗೊತ್ತಿರಲಿ. ಸಂಡೂರಿನ ಗುಜರಿಯಲ್ಲಿ ನಿಮ್ಮದರಂಥದೇ ಹಳೆಯ ಯಂತ್ರ ಹುಡುಕಿ ತಂದ. ಅದಕ್ಕೆ ಲಿನಕ್ಸ್ ಹಾಕಿ, ನಮ್ಮ ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಭಾನುವಾರಗಳನ್ನೆಲ್ಲ ಅದರ ಮುಂದೆ ಕಳೆದ. ಅಲ್ಲಿ ಸದ್ದು ಬರುತ್ತದೆ. ನಿಮ್ಮಲ್ಲಿ ಬರುವುದಿಲ್ಲ. ಸೆಟ್ಟಿಂಗ್ಸ್ ನೋಡಿರಿ ಅಂತ ಬರೆದ, ನೋಡಿದೆ, ಸದ್ದು ಇಲ್ಲ ಅಂದಿರಿ. ತಂತಿ ಬದಲಿಸಿರಿ ಅಂದ, ಬದಲಿಸಿದೆ, ಸದ್ದು ಇಲ್ಲ ಅಂದಿರಿ. ಹೊಸ ಸ್ಪೀಕರನ್ನೇ ಹನುಮಣ್ಣನ ಕೈಯಲ್ಲಿ ಕಳಿಸಿದ. ಅದಕ್ಕೂ ಅದೇ ಎರಡು ಪದ. ತಾನೇ ಒಂದು ದಿನ ಹೊಸಪೇಟೆಗೆ ಹೋಗಿ ನೋಡಿ ಬರಲೇ ಅಂತ ಆತ ನನ್ನನ್ನು ಕೇಳಿದ. ನಾನೇ ಬೇಡ ಅಂದೆ. ಬಾಗಿಲಲ್ಲೇ ನಿಲ್ಲಿಸಿ ಕಳಿಸಿದರೆ ನನಗೆ ತಡೆದುಕೊಳ್ಳಲು ಆಗುವುದಿಲ್ಲ.

ನೀವು ಅವನನ್ನು ಸತಾಯಿಸುತ್ತಿದ್ದೀರಾ? ನೇರವಾಗಿ ಕೇಳುತ್ತಿದ್ದೇನೆ.

ಮೆಟ್ರಿಯಲ್ಲಿ ನಿಮಗೆ ಏನೋ ಸಲ್ಲಲಿಲ್ಲ ಅಂದಿರಲ್ಲ, ಅದನ್ನೂ ಇವತ್ತು ಮಾತಾಡಿಬಿಡುತ್ತೇನೆ. ನೀವು ಬರುತ್ತೀರಿ ಅಂತ ನನ್ನ ಅತ್ತೆ ತಿಪ್ಪಕ್ಕ ಈರುಳ್ಳಿ ಬೆಳ್ಳುಳ್ಳಿ ಮುಟ್ಟಿಸದೆ ಹೊಸ ಪಾತ್ರೆಯಲ್ಲಿ ಬೇರೆ ಅಡುಗೆ ಮಾಡಿದ್ದರು. ಗೋಧಿ ಹುಗ್ಗಿಗೆ ಎಷ್ಟು ಬೆಲ್ಲ, ನಿಮಗೆ ಸಕ್ಕರೆ ಕಾಯಿಲೆ ಇದೆಯೋ ಅಂತ ನನ್ನನ್ನು ಪೀಡಿಸಿ ಕೇಳಿದ್ದರು. ನೀವು ಬಂದಿರಿ, ಬುದ್ಧನ ಪಟದ ಮುಂದೆ ನಮ್ಮಿಬ್ಬರ ಮೇಲೂ ಹೂ ಹಾಕಿದಿರಿ. ನನಗೆ ಜಗತ್ತೇ ಸಿಕ್ಕಿತ್ತು. ಆಮೇಲೆ ಚಪ್ಪರದ ಕಂಬದ ಹತ್ತಿರ ರಸ್ತೆ ಕಡೆ ಮುಖ ಮಾಡಿ ನಿಂತಿರಿ. ಅತ್ತೆ ಹಿಂದಿನಿಂದ ಬಂದು "ಬೀಗ್ರ, ಎಲಿ ಹಾಕೀವಿ, ಊಟಕ್ಕ ಏಳ್ರಿ" ಅಂದರು. ನೀವು ತಿರುಗಲಿಲ್ಲ. ಮತ್ತೆ ಕರೆದರು. ಸುತ್ತ ನಿಂತವರೆಲ್ಲ ನೋಡುತ್ತಿದ್ದರು. ನೀವು ಚಪ್ಪಲಿ ಮೆಟ್ಟಿ ಬಸ್ ಸ್ಟ್ಯಾಂಡಿನ ಕಡೆ ನಡೆದುಬಿಟ್ಟಿರಿ. "ಹೋಗ್ಲಿ ಬಿಡವ್ವಾ, ನಮ್ಮನ್ಯಾಗ ಹ್ಯಾಂಗ ಉಣ್ತಾರ" ಅಂತ ಅವರು ನನಗೇ ಸಮಾಧಾನ ಹೇಳಿದರು. ಆ ಎಲೆಯ ಮುಂದೆ ಬೇರೆ ಯಾರನ್ನೂ ಕೂರಿಸಲು ಅವರು ಬಿಡಲಿಲ್ಲ. ಸಂಜೆ ತಾವೇ ಮಡಚಿದರು.

ಹೇಳಿ, ನಿಮಗೆ ಸಲ್ಲದೆ ಉಳಿದದ್ದು ಯಾವುದು?

ಶ್ರೀವಾಣಿ

---

ಚಿತ್ತವಾಡಗಿ, ಹೊಸಪೇಟೆ
28 ಅಕ್ಟೋಬರ್ 2024

ಪ್ರವೀಣನಿಗೆ,

ಇದರೊಂದಿಗೆ ಯಂತ್ರದ ವರದಿ. ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ, ಚಿತ್ರದ ಕೆಲಸವನ್ನು ಕಾರ್ಡಿಗೆ ಒಪ್ಪಿಸುವ ಹಾರ್ಡ್‌ವೇರ್ ಆಕ್ಸಲರೇಷನ್ ಎಂಬುದರ ಗುರುತು ತೆಗೆದೆ, ನೀನು ಹಿಂದಿನ ಪತ್ರದಲ್ಲಿ ಹೇಳಿದಂತೆ. ಚಿತ್ರ ಬಂತು. ನಿನ್ನ ಊಹೆ ಸರಿ, ದೋಷ ಕಾರ್ಡಿನದೇ. ಚಿತ್ರ ಮಸುಕಾಗಿದೆ. ಲಿನಕ್ಸ್‌ನವರಿಗೆ ಆ ಕಂಪನಿ ಸ್ವಚ್ಛ ಚಿತ್ರ ಕೊಡುವುದಿಲ್ಲ ಎಂದು ನೀನು ಮೊದಲೇ ಎಚ್ಚರಿಸಿದ್ದೆ. ಅಕ್ಕ ತಂಗಿಯರ ಮೂಗು ಬಾಯಿ ಕಲಸಿದಂತೆ ಕಾಣುತ್ತದೆ. ಅಡಿಬರಹ ಮಾತ್ರ ಅಚ್ಚುಕಟ್ಟಾಗಿ ಬರುತ್ತದೆ.

ಸದ್ದು ಇಲ್ಲ.

ಶ್ರೀವಾಣಿಯ ಪತ್ರಕ್ಕೆ ಉತ್ತರ ಬರೆಯಬೇಕಾಗಿದೆ. ಎರಡು ಬಾರಿ ಬರೆದು ಹರಿದೆ. ಮೆಟ್ರಿಯ ಬಗ್ಗೆ ಅವಳು ಬರೆದದ್ದನ್ನು ಮತ್ತೆ ಮತ್ತೆ ಓದುತ್ತಿದ್ದೇನೆ. ಸ್ವಲ್ಪ ಕಾಯಲು ಹೇಳು.

ಮೊಣಕಾಲು ತೋರಿಸಲು ನನ್ನ ಅಕ್ಕ ರಾಧಾಬಾಯಿ ಹಂಪಿಯಿಂದ ಬಂದಿದ್ದಾಳೆ. ಈ ಪತ್ರವನ್ನು ಹನುಮಣ್ಣನಿಗೆ ಅವಳೇ ಕೊಡುತ್ತಾಳೆ.

ಇತಿ,
ವಾದಿರಾಜ

(ಹಿಂಬದಿಯಲ್ಲಿ, ಬೇರೆ ಕೈಬರಹದಲ್ಲಿ)

ಶ್ರೀವಾಣಿ, ನಾ ನಿಮ್ಮ ರಾಧಾ ಅತ್ಯಾ. ನಿಮ್ಮಪ್ಪ ಕೊಟ್ಟ ಕಾಗದದ ಹಿಂದ ಬರ್ಯಾಕತ್ತೀನಿ, ಅವಗ ಹೇಳಬ್ಯಾಡ. ನಿನ್ನ ಗಂಡಗ ಹೇಳು, ಆ ಡಬ್ಬಿ ಸದ್ದು ಕಡಿಮಿ ಮಾಡೋದು ಹ್ಯಾಂಗಂತ ಬರದು ಕಳಸಲಿ. ನಿಮ್ಮಪ್ಪ ಅದರ ಮುಂದ ಕೂತನಂದ್ರ ಮನ್ಯಾಗ ಇರ್ಲಿಕ್ಕೆ ಆಗವಲ್ದು. ಆ ಇಬ್ಬರು ಹೆಂಗಸರು ಬಾಯಿ ಮಾಡೋದು ಓಣಿಗೆಲ್ಲ ಕೇಳಸ್ತದ. ಎದುರು ಮನಿ ಎರ್ರೆಮ್ಮ ಬಂದು ಜಗಳ ತಗದು ಹೋದ್ಲು, ಮಗ್ಗಲದಾಗ ನಿಂತು ಬಯ್ದ್ಲು, ಇಂವಾ ತಿರಗಿ ಸೈತ ನೋಡ್ಲಿಲ್ಲ. ನಾ ಅಡಗಿಮನ್ಯಾಗಿಂದ ಎಷ್ಟು ಕೂಗಿದ್ರೂ ಹೂಂ ಇಲ್ಲ ಹಾಂ ಇಲ್ಲ. ಎದುರಿಗೆ ಹೋಗಿ ನಿಂತ್ರ ಮಾತ್ರ ಮಾತಾಡ್ತಾನ, ಅದೂ ನನ್ನ ಬಾಯಿನೇ ನೋಡಿಕೋತ. ನಿಮ್ಮ ಕಾಕಾಗೂ ಹಿಂಗಽ ಆಗಿತ್ತು. ಕಿವಿ ಡಾಕ್ಟರ ಕಡೆ ನಡಿಯಪಾ ಅಂದ್ರ ನನ್ನ ಮ್ಯಾಲೇ ಹಾರಿಬಿದ್ದ. ನಿನ್ನ ಮಾತರೆ ಕೇಳ್ತಾನೇನೋ ನೋಡು. ನನ್ನ ಮೊಣಕಾಲು ಅಷ್ಟಽ ಅದ.

---

ಯಶವಂತನಗರ
29 ಅಕ್ಟೋಬರ್ 2024

ಅಪ್ಪಾ,

ನಿಮ್ಮ ಕಾಗದದ ಹಿಂಬದಿಗೆ ಅತ್ಯಾ ಬರೆದದ್ದನ್ನು ಪ್ರವೀಣ ಓದಿ, ಕಾಗದವನ್ನು ನನ್ನ ಕೈಗೆ ಕೊಟ್ಟ. ನಾನು ಓದಿ ಮುಗಿಸಿದ ಮೇಲೆ "ಗಂಟಿ ನೋಡ್ದೆ, ನಡುವಿಂದೂ ನೋಡ್ದೆ. ಮೂರನೇದು ನೋಡಾಕ ಮನಸೇ ಬರ್ಲಿಲ್ಲ ನೋಡು, ಸರ್ ಅಂತ" ಅಂದ. ಆಮೇಲೆ ಹೊರಗೆ ಹೋಗಿ ನಿಂತ.

ಅತ್ಯಾನ ಮೇಲೆ ಸಿಟ್ಟು ಮಾಡಬೇಡಿ. ನಿಮಗೆ ಹೇಳಬೇಡ ಅಂದಿದ್ದಳು, ಆದರೆ ನಿಮ್ಮ ಕಿವಿಯ ವಿಷಯ ನಮಗೆ ಗೊತ್ತಿಲ್ಲ ಅಂತ ಅವಳಿಗೆ ತಿಳಿದಿರಲಿಲ್ಲ.

ಯುಗಾದಿಗೆ "ಹಲೋ" ಅಂದು ಇಟ್ಟಿರಲ್ಲ, ನನ್ನ ಮಾತು ನಿಮಗೆ ಕೇಳಿಸಲೇ ಇಲ್ಲವೇ? ಹನುಮಣ್ಣನ ಹಾರ್ನ್ ಕೇಳಿಸಲಿಲ್ಲವೇ? ನಾನು ಅಡಿಬರಹ ಬರೆಯುವುದು ಯಾರಿಗೆ ಅಂತ ಕೇಳಿದಿರಿ, ಕಿವಿ ಕೇಳದವರಿಗೆ ಅಂತ ನಾನು ನಿಮಗೇ ಪಾಠ ಹೇಳಿದೆ. ನೆನೆದು ನಾಚಿಕೆಯಾಗುತ್ತಿದೆ, ಅಳುವೂ ಬರುತ್ತಿದೆ. ಯಾಕಪ್ಪಾ ಹೇಳಲಿಲ್ಲ?

ಮೆಟ್ರಿಯಲ್ಲಿ ಅತ್ತೆ ಕರೆದದ್ದು ಕೇಳಿಸಿತ್ತೇ?

ಒಂದು ಮಾತು ಕೇಳಲೇಬೇಕು. ಕೇಳದೆ ಇದ್ದರೆ ನನ್ನ ಮನಸ್ಸಿನಲ್ಲಿ ಅದು ಹಾಗೇ ಉಳಿದುಬಿಡುತ್ತದೆ. ಕೇಳಿಸಿದ್ದರೆ, ಕುಳಿತು ಉಣ್ಣುತ್ತಿದ್ದಿರಾ? ನನ್ನನ್ನು ಸಮಾಧಾನ ಮಾಡಲು ಬರೆಯಬೇಡಿ. ಇದ್ದದ್ದನ್ನು ಬರೆಯಿರಿ.

ನಿಮ್ಮ,
ಶ್ರೀವಾಣಿ

---

ಚಿತ್ತವಾಡಗಿ, ಹೊಸಪೇಟೆ
17 ನವೆಂಬರ್ 2024

ಶ್ರೀವಾಣಿಗೆ,

ಇದ್ದದ್ದನ್ನು ಬರೆಯುತ್ತೇನೆ.

ಕಿವಿ ಮಂದವಾಗುತ್ತ ಬಂದದ್ದು ನಾನು ನಿವೃತ್ತನಾದ ವರ್ಷದಿಂದ. ಮೊದಮೊದಲು ಜನ ಮಾತು ನುಂಗುತ್ತಿದ್ದಾರೆ ಎಂದುಕೊಂಡೆ. ಇತ್ತೀಚಿನವರಿಗೆ ಉಚ್ಚಾರವೇ ಇಲ್ಲ ಎಂದು ಬೈದುಕೊಂಡು ತಿರುಗಿದೆ. ಆಮೇಲೆ ಕುಕ್ಕರ್ ಕೂಗುವುದು ನಿಂತಿತು. ಅದಕ್ಕಂತೂ ಉಚ್ಚಾರದ ದೋಷ ಹೊರಿಸುವಂತಿರಲಿಲ್ಲ. ಫೋನಿನಲ್ಲಿ ನಿನ್ನ ಹೆಸರು ಕಂಡಾಗ ಎತ್ತಿದೆ. ನೀನು ಮಡಕೆಯೊಳಗಿನಿಂದ ಮಾತಾಡಿದ ಹಾಗೆ ಏನೋ ಬಂತು. ಏನಂದೆ, ಏನಂದೆ ಎಂದು ಕೇಳುವುದು ನನ್ನಿಂದ ಆಗಲಿಲ್ಲ. ಇಟ್ಟುಬಿಟ್ಟೆ. ಸಿಟ್ಟು ಎಂದು ನೀನು ತಿಳಿದದ್ದು ನಿನ್ನ ಪತ್ರದಿಂದ ಗೊತ್ತಾಯಿತು. ನಾನು ತಿದ್ದಲಿಲ್ಲ. ಸಿಟ್ಟಿನ ಮನುಷ್ಯನಿಗೆ ಜನ ಮೆಲ್ಲಗೆ ಮಾತಾಡುತ್ತಾರೆ, ಕಿವುಡನಿಗೆ ಕಿರುಚುತ್ತಾರೆ. ನನಗೆ ಮೊದಲಿನದೇ ಹಿತವೆನಿಸಿತು.

ಪ್ರವೀಣನನ್ನು ಸತಾಯಿಸಲಿಲ್ಲ. ಅವನು ಕೇಳಿದ, ಸದ್ದು ಬರುತ್ತಿದೆಯೇ ಎಂದು. ನನಗೆ ಬರುತ್ತಿರಲಿಲ್ಲ, ಹಾಗೇ ಬರೆದೆ. ದೋಷ ಯಂತ್ರದ್ದೂ ಇರಬಹುದು ಎಂದು ನನಗೂ ಒಂದು ಆಸೆ ಇತ್ತು. ಅವನು ತಂತಿ ಬದಲಿಸು ಎಂದಾಗಲೆಲ್ಲ ಈ ಸಲ ಕೇಳಿಸುತ್ತದೆ ಎಂದುಕೊಂಡೇ ಕೂರುತ್ತಿದ್ದೆ. ಹೊಸ ಸ್ಪೀಕರ್ ಬಂದ ದಿನ ಪೂರ್ತಿ ಜೋರು ಮಾಡಿ ಕಿವಿ ಹಚ್ಚಿದೆ. ಗಂಟೆಯ ಜಾಡಿಯನ್ನು ಎಷ್ಟೋ ವರ್ಷ ಹುಡುಗರಿಗೆ ತೋರಿಸಿದವನು ನಾನು. ಅದರ ಹೊರಗೆ ನಿಂತು ನೋಡುವುದು ಹೇಗಿರುತ್ತದೆ ಎಂದು ಆ ದಿನ ತಿಳಿಯಿತು.

ನಿನ್ನ ಸರಣಿಯ ಕಂತುಗಳೆಲ್ಲ ಮುಗಿದವು. (ಮಳೆ ಬಿರುಸಾಯಿತು), (ದೂರದಲ್ಲಿ ನಾಯಿ), (ಬಳೆ), (ಒಗ್ಗರಣೆ ಸಿಡಿದ ಸದ್ದು). ಮರೆತೇಹೋಗಿದ್ದ ಸದ್ದುಗಳನ್ನು ನೀನು ಒಂದೊಂದಾಗಿ ತಂದು ನನ್ನ ಮುಂದೆ ಇಟ್ಟೆ. ಒಗ್ಗರಣೆಯ ಜಾಗದಲ್ಲಿ ನಿನ್ನ ಅಮ್ಮನ ನೆನಪಾಗಿ ನಿಲ್ಲಿಸಿ ಕುಳಿತೆ. ನೀನು ಒಳ್ಳೆಯ ಕೆಲಸ ಮಾಡುತ್ತಿದ್ದೀಯ. ಇದನ್ನು ತಂದೆಯಾಗಿ ಹೇಳುತ್ತಿಲ್ಲ, ಅಡಿಬರಹ ಬೇಕಾದವನಾಗಿ ಹೇಳುತ್ತಿದ್ದೇನೆ.

ಇನ್ನು ಮೆಟ್ರಿ.

ಆ ದಿನ ನಿಮ್ಮ ಮೇಲೆ ಹೂ ಹಾಕಿದ ಕೂಡಲೇ ಹೊಸಪೇಟೆಗೆ ಒಂದು ಬಸ್ಸು ಇತ್ತು. ಅದನ್ನು ಬಿಟ್ಟೆ. ಚಪ್ಪರದ ಕಂಬದ ಹತ್ತಿರ ನಿಂತೆ. ಊಟದ ಹೊತ್ತು, ಹೆಣ್ಣಿನ ತಂದೆ ನಿಂತಿದ್ದಾನೆ, ಯಾರಾದರೂ ಬಂದು ಏಳಿರಿ ಎನ್ನುತ್ತಾರೆ ಎಂದು ಕಾದೆ. ಒಳಗೆ ನೋಡುತ್ತ ನಿಂತರೆ ಊಟಕ್ಕೆ ಆಸೆಪಟ್ಟಂತೆ ಆಗುತ್ತದೆಂದು ರಸ್ತೆ ಕಡೆ ಮುಖ ಮಾಡಿದ್ದೆ. ಯಾರೂ ಕರೆಯಲಿಲ್ಲ. ಹಾಗೆಂದು ನಿನ್ನ ಅಕ್ಟೋಬರಿನ ಪತ್ರ ಬರುವವರೆಗೆ ತಿಳಿದಿದ್ದೆ. ನಾನು ಬಂದದ್ದು ಅವರಿಗೆ ಬೇಕಿಲ್ಲ, ಮೇಷ್ಟ್ರು ಹೂ ಹಾಕಿದರು, ಅಲ್ಲಿಗೆ ಮುಗಿಯಿತು ಎಂದು ಇದ್ದಾರೆ ಅಂದುಕೊಂಡು ಚಪ್ಪಲಿ ಮೆಟ್ಟಿದೆ. ಬಸ್ಸಿನಲ್ಲಿ ಕುಳಿತಾಗ ಹಸಿವಾಗಿತ್ತು. ಸಿಟ್ಟೂ ಬಂದಿತ್ತು. ಸಲ್ಲಬೇಕಾದದ್ದು ಸಲ್ಲಲಿಲ್ಲ ಎಂದು ಬರೆದದ್ದು ಇದನ್ನೇ. ಅವರು ನನ್ನ ಬೆನ್ನ ಹಿಂದೆ ನಿಂತು ಕರೆಯುತ್ತಿದ್ದರು ಎಂದು ಓದಿದ ದಿನ ನನಗೆ ಊಟ ಸೇರಲಿಲ್ಲ.

ಕೇಳಿಸಿದ್ದರೆ ಉಣ್ಣುತ್ತಿದ್ದಿರಾ ಎಂದು ಕೇಳಿದ್ದೀಯ. ನಮ್ಮ ಜಾತಿಯ ಗಂಡಸೊಬ್ಬ ಬೆನ್ನು ತಿರುಗಿಸಿ ಹೋದರೆ ಅವರು ಬೇರೆ ಕಾರಣ ಹುಡುಕಬೇಕಾಗಿರಲಿಲ್ಲ, ಅದು ನನಗೆ ಅರ್ಥವಾಗುತ್ತದೆ. ನೀನೂ ಹುಡುಕಲಿಲ್ಲ. ನಾನು ಉಣ್ಣಬೇಕೆಂದೇ ಬಸ್ಸು ಬಿಟ್ಟಿದ್ದೆ ಎಂದು ಮಾತ್ರ ಹೇಳಬಲ್ಲೆ. ಸಾಕ್ಷಿ ಯಾರೂ ಇಲ್ಲ.

ಅಕ್ಕನ ಜೊತೆ ಹೋಗಿ ಕಿವಿ ತೋರಿಸಿದೆ. ಯಂತ್ರ ಹಾಕಿಕೊಳ್ಳಬೇಕಂತೆ. ಸದ್ದು ಬರುತ್ತದೆ, ಮೊದಲಿನ ಹಾಗಲ್ಲ ಎಂದರು. ಲಿನಕ್ಸ್‌ನ ಚಿತ್ರದ ಹಾಗೆ ಇರಬಹುದು. ಅಷ್ಟಾದರೂ ಸಾಕು.

ಬರುವ ಭಾನುವಾರ ಹೊಸಪೇಟೆಯಿಂದ ಕಂಪ್ಲಿ ಬಸ್ಸು ಹಿಡಿದು ಮೆಟ್ರಿಗೆ ಬರುತ್ತೇನೆ. ಯಂತ್ರ ಅಷ್ಟರೊಳಗೆ ಕೈಗೆ ಬರುವುದಿಲ್ಲ. ನೀನು, ಪ್ರವೀಣ ಅಲ್ಲಿಗೇ ಬನ್ನಿ. ತಿಪ್ಪಕ್ಕನವರು ಬೇರೆ ಪಾತ್ರೆ ಇಡುವುದು ಬೇಡ, ಎಲ್ಲರಿಗೂ ಮಾಡಿದ್ದೇ ಆಗಲಿ. ಅವರಿಗೆ ಒಂದು ಮಾತು ಹೇಳು. ಚಪ್ಪರ ಇಲ್ಲದಿದ್ದರೂ ನಾನು ಅಂಗಳದಲ್ಲಿ ಅದೇ ಜಾಗದಲ್ಲಿ ನಿಂತಿರುತ್ತೇನೆ. ಈ ಸಲ ನನ್ನ ಎದುರಿಗೆ ಬಂದು ನಿಂತು ಕರೆಯಲಿ.

ನಿನ್ನ ಅಪ್ಪ,
ವಾದಿರಾಜ